ಚಿನ್ನದೂರಿಂದ ಗಂಧದೂರಿಗೆ

ಸುಗಂಧಕ್ಕೆ ಜಗತ್ತಿನಲ್ಲೆಲ್ಲ ಹೆಸರಾದ ಗ್ರಾಸ್ ಪಟ್ಟಣದ ಕತೆ ಶುರುವಾಗುವುದು ನಾತದಿಂದ. ದಕ್ಷಿಣ ಫ್ರಾನ್ಸಿನ ಈ ಬೆಟ್ಟದೂರು ಮಧ್ಯಯುಗದಲ್ಲಿ ತೊಗಲು ಹದ ಮಾಡುವವರ ಊರಾಗಿತ್ತು. ಹಸಿ ತೊಗಲಿನ ನಾತ ಎಂಥದ್ದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಂಗಾರಪೇಟೆಯಲ್ಲಿ ಮದ್ರಾಸಿನ ರೈಲು ಹತ್ತಿ ಜೋಲಾರಪೇಟೆ ದಾಟಿದರೆ ವಾಣಿಯಂಬಾಡಿ, ಆಮೇಲೆ ಆಂಬೂರು. ಕಣ್ಣು ಮುಚ್ಚಿ ತೂಕಡಿಸುತ್ತಿದ್ದರೂ ಊರು ಬಂತೆಂದು ಮೂಗೇ ಹೇಳುತ್ತಿತ್ತು. ಗ್ರಾಸಿನವರು ಆ ನಾತವನ್ನು ಅಡಗಿಸಲು ತಾವು ಹೊಲಿದ ಕೈಗವಸುಗಳಿಗೆ ಹೂವಿನ ಪರಿಮಳ ಹತ್ತಿಸಿದರು. ಇಟಲಿಯಿಂದ ಸೊಸೆಯಾಗಿ ಬಂದು ಹದಿನಾರನೇ ಶತಮಾನದಲ್ಲಿ ಫ್ರಾನ್ಸಿನ ರಾಣಿಯಾದ ಕ್ಯಾಥರೀನ್ ದ ಮೆಡಿಚಿಯ ಕಾಲಕ್ಕೆ ಪರಿಮಳದ ಕೈಗವಸು ಅರಮನೆಯ ಷೋಕಿಯಾಯಿತು. ಕಾಲ ಕಳೆದಂತೆ ತೊಗಲಿನ ಕಸುಬು ಸೊರಗಿ, ಅದಕ್ಕೆ ಆಸರೆಯಾಗಿ ಬಂದ ಪರಿಮಳ ಊರನ್ನೇ ಹಿಡಿದುಕೊಂಡಿತು.

ನಾನು ಅಲ್ಲಿಗೆ ಹೋದದ್ದು 2019ರ ಮೇ ತಿಂಗಳಲ್ಲಿ. ಮಗಳು ಸೋಫಿಯಾ ಆಂಟಿಪೊಲಿಸ್ ಎಂಬ ತಂತ್ರಜ್ಞಾನ ನಗರಿಯಲ್ಲಿ ಕೆಲಸಕ್ಕಿದ್ದಳು. ಮನೆ ಮಾಡಿದ್ದು ಪಕ್ಕದ ಆಂಟೀಬ್‌ನಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿರುವ ಹಳೆಯ ಬಂದರು ಊರು. ಬಂಗಾರಪೇಟೆಯಲ್ಲಿ ಸಮಾಜ ವಿಜ್ಞಾನ ಪಾಠ ಹೇಳಿ ನಿವೃತ್ತಳಾದ ನನಗೆ ಬರಿಯ ಸಮುದ್ರ ನೋಡುತ್ತ ಕೂರುವುದು ಎರಡೇ ದಿನಕ್ಕೆ ಬೇಸರ ಬಂತು. "ಅಮ್ಮ, ನಿನಗೆ ಪಾಠಕ್ಕೆ ಆಗೋ ಊರು ಒಂದಿದೆ, ಬಾ" ಎಂದು ಅವಳು ಶನಿವಾರ ಬೆಳಿಗ್ಗೆ ರೈಲು ಹತ್ತಿಸಿದಳು.

ಕಾನ್ ದಾಟಿದ ಮೇಲೆ ರೈಲು ಸಮುದ್ರವನ್ನು ಬಿಟ್ಟು ಒಳನಾಡಿಗೆ ತಿರುಗಿ ಏರು ಹತ್ತುತ್ತದೆ. ಗ್ರಾಸ್ ಕೊನೆಯ ನಿಲ್ದಾಣ. ಅದರಾಚೆ ಹಳಿ ಇಲ್ಲ. ಇಂಥ ಕವಲು ಹಳಿಯ ಮೇಲೇ ಬೆಳೆದವಳು ನಾನು. ಬಂಗಾರಪೇಟೆಯಿಂದ ಕೋಲಾರದ ಚಿನ್ನದ ಗಣಿಗಳಿಗೆ 1894ರಲ್ಲಿ ಹಾಕಿದ ಹಳಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ನಮ್ಮಪ್ಪ ಚಾಂಪಿಯನ್ ರೀಫ್ಸ್‌ನ ಟೈಮ್ ಆಫೀಸಿನಲ್ಲಿ ಗುಮಾಸ್ತರು, ದಿನವೂ ಇದೇ ಗಾಡಿಯಲ್ಲಿ ಓಡಾಟ. ಗಣಿಗೆ ಇಳಿಯುವವರ ಲೆಕ್ಕ ಬರೆಯುವುದು, ಮೇಲೆ ಬಂದವರ ಲೆಕ್ಕ ಬರೆಯುವುದು, ಎರಡೂ ತಾಳೆಯಾಗುವವರೆಗೆ ಕುರ್ಚಿ ಬಿಟ್ಟು ಏಳದಿರುವುದು ಅವರ ಕೆಲಸ. ಭೂಮಿಯೊಳಗೆ ಬಂಡೆ ಸಿಡಿದು ಬಂಗಾರಪೇಟೆಗೂ ಸದ್ದು ಬಂದಂತಾದರೆ ಅಮ್ಮ ಮೊದಲು ನೋಡುತ್ತಿದ್ದುದು ಗಡಿಯಾರ. ಅಪ್ಪನಿಗೆ ಅಪಾಯವಿಲ್ಲವೆಂದು ಗೊತ್ತಿದ್ದರೂ ಅವತ್ತು ಲೆಕ್ಕ ತಾಳೆಯಾಗುವುದು ತಡವೆಂದು, ಊಟ ಮುಚ್ಚಿಡುತ್ತಿದ್ದಳು.

ಗಣಿಯೂರಿಗೆ ತನ್ನದೇ ವಾಸನೆಯಿತ್ತು. ಪಾಳಿ ಮುಗಿಸಿ ಗಾಡಿ ಹತ್ತಿದವರ ಬಟ್ಟೆಯಲ್ಲಿ ಮದ್ದಿನ ಹೊಗೆ, ಯಂತ್ರದೆಣ್ಣೆ, ಬೆವರು. ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆಯೇ ಕಾಯ್ದು ಸುಡುತ್ತಿದ್ದ ಜಾಗದಿಂದ ಬಂದ ಬೆವರದು. ಚಿನ್ನ ತೆಗೆದು ಬಿಸಾಡಿದ ಪುಡಿಗಲ್ಲಿನ ಗುಡ್ಡೆಗಳಿಗೆ ನಾವೆಲ್ಲ ಸೈನೈಡ್ ಗುಡ್ಡ ಎನ್ನುತ್ತಿದ್ದೆವು. ಆಷಾಢದ ಗಾಳಿಗೆ ಅದರ ಬೂದುಬಿಳುಪು ಧೂಳು ಎದ್ದರೆ ಒಣಹಾಕಿದ ಬಟ್ಟೆ, ತೊಳೆದಿಟ್ಟ ಪಾತ್ರೆ, ಕಣ್ಣು, ಬಾಯಿ ಎಲ್ಲವೂ ಅದರ ಪಾಲು. ಇಷ್ಟೆಲ್ಲ ಮಾಡಿ ಮೇಲೆತ್ತಿದ ಚಿನ್ನಕ್ಕೆ ಮಾತ್ರ ಯಾವ ವಾಸನೆಯೂ ಇಲ್ಲ.

ಆ ಧೂಳಿನ ಊರಲ್ಲೇ ರಾಬರ್ಟ್‌ಸನ್‌ಪೇಟೆಯ ಹೂವಿನ ಸಾಲೂ ಇತ್ತು. ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕರಲ್ಲೂ ಚೌಕಾಸಿ ನಡೆಯುತ್ತಿದ್ದ ಜಾಗ. ಹೂವಮ್ಮ ಎಂದೇ ನಾವು ಕರೆಯುತ್ತಿದ್ದ ಹೆಂಗಸೊಬ್ಬಳು ಬಾಳೆನಾರಿನಲ್ಲಿ ಮಲ್ಲಿಗೆ, ಕನಕಾಂಬರ ಕಟ್ಟುತ್ತ ನಡುನಡುವೆ ದವನದ ಎಳೆ ಸೇರಿಸುತ್ತಿದ್ದಳು. ಮಲ್ಲಿಗೆ ಸಂಜೆಗೆ ಬಾಡಿದರೂ ದವನ ಬಿಡುತ್ತಿರಲಿಲ್ಲ. ಒಣಗಿದಷ್ಟೂ ಅದರ ಘಮ ಗಟ್ಟಿ. ಚೈತ್ರದ ದವನದ ಹುಣ್ಣಿಮೆಗೆ ದೇವರಿಗೆ ಏರಿಸಿದ್ದನ್ನು ಅಮ್ಮ ಬಿಸಾಡದೆ ಟ್ರಂಕಿನ ಸೀರೆಗಳ ನಡುವೆ ಇಡುತ್ತಿದ್ದಳು. ಮುಂದಿನ ಮದುವೆಗೆ ಆ ಸೀರೆ ಹೊರಗೆ ಬಂದಾಗ ಮನೆಯೆಲ್ಲ ದವನ.

ಬಚ್ಚಲಲ್ಲಿ ಎರಡು ಸೋಪು. ದಿನಬಳಕೆಗೆ ಕೆಂಪನೆಯದು. ಮೈಸೂರು ಸ್ಯಾಂಡಲ್ ಮಾತ್ರ ಮೇಲಿನ ಗೂಡಿನಲ್ಲಿ, ನೆಂಟರಿಗೆ ಮೀಸಲು. ಅದು ತಯಾರಾಗುವ ಜಾಗವನ್ನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನದ ಪ್ರವಾಸದಲ್ಲಿ ನೋಡಿದೆ. ಬೆಳಗಿನ ಗಾಡಿಗೆ ಬೆಂಗಳೂರು, ಅಲ್ಲಿಂದ ಯಶವಂತಪುರದ ಹತ್ತಿರದ ಸರ್ಕಾರಿ ಸಾಬೂನು ಕಾರ್ಖಾನೆ, ರಾತ್ರಿಗೆ ವಾಪಸ್. ಯಂತ್ರಗಳಲ್ಲಿ ಏನು ನಡೆಯುತ್ತಿತ್ತೆಂದು ಈಗ ನೆನಪಿಲ್ಲ. ಗೇಟಿಗಿಂತ ಎಷ್ಟೋ ಮೊದಲೇ ರಸ್ತೆಯಲ್ಲಿ ಗಂಧ ಬಡಿದದ್ದು ನೆನಪಿದೆ. ಪೆಟ್ಟಿಗೆಯ ಮೇಲಿದ್ದ ಆನೆ ಸೊಂಡಿಲಿನ ಸಿಂಹ ಏನೆಂದು ಮೇಷ್ಟ್ರು ಕೇಳಿದಾಗ ಶರಭ ಎಂದು ಯಾರಿಗೂ ಹೇಳಲಾಗಲಿಲ್ಲ.

ಆ ಕಾರ್ಖಾನೆಯ ಹುಟ್ಟಿನ ಕತೆಯನ್ನು ಮುಂದೆ ನಾನೇ ವರ್ಷವರ್ಷವೂ ತರಗತಿಯಲ್ಲಿ ಹೇಳಿದೆ. ಮೊದಲನೇ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಗಂಧದ ಕೊರಡು ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಹತ್ತಿಕೊಂಡು ಹಡಗು ನಿಂತವು, ಕೊರಡು ಗೋದಾಮಿನಲ್ಲಿ ಕೊಳೆಹಾಕಿದಂತಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು. ಎಣ್ಣೆಯನ್ನು ನಾವೇ ಇಳಿಸೋಣವೆಂದು ಟಾಟಾ ಇನ್ಸ್ಟಿಟ್ಯೂಟಿನ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಅವರ ನೆರವು ಪಡೆದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಎಣ್ಣೆ ಇಳಿಯಿತು. ಫ್ರಾನ್ಸಿನ ಅತಿಥಿಗಳು ನಮ್ಮದೇ ಗಂಧದೆಣ್ಣೆಯ ಸೋಪನ್ನು ಮಹಾರಾಜರಿಗೆ ಉಡುಗೊರೆ ಕೊಟ್ಟರು, ಅದೇ ಸೋಪಿನ ಯೋಚನೆಗೆ ಕಾರಣವಾಯಿತು ಎಂಬ ಕತೆಯೂ ಇದೆ. ಇಂಗ್ಲೆಂಡಿನಲ್ಲಿ ತರಬೇತಾದ ಸೋಸಲೆ ಗರಳಪುರಿ ಶಾಸ್ತ್ರಿಗಳು 1918ರಲ್ಲಿ ಸೋಪು ಹೊರತಂದರು. ಸಂಸ್ಥಾನದ ಬೊಕ್ಕಸಕ್ಕೆ ಒಂದು ಕಡೆಯಿಂದ ಕೋಲಾರದ ಚಿನ್ನದ ರಾಯಧನ, ಇನ್ನೊಂದು ಕಡೆಯಿಂದ ಗಂಧ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹರಿದದ್ದು ನಮ್ಮ ಗಣಿಗೆ. ಬೆಂಗಳೂರು ಕತ್ತಲಲ್ಲೇ ಇತ್ತು ಎಂದು ಹೇಳುವಾಗ ಬಂಗಾರಪೇಟೆಯ ಮಕ್ಕಳ ಮುಖ ನೋಡಬೇಕಿತ್ತು!

ಗ್ರಾಸ್ ನಿಲ್ದಾಣದಿಂದ ಹಳೇ ಊರಿಗೆ ಏರು. ಗುಲಾಬಿಯ ಕಾಲವಾದ್ದರಿಂದ ಇಕ್ಕಟ್ಟು ಓಣಿಗಳ ನೆತ್ತಿಗೆ ಸಾಲಾಗಿ ಗುಲಾಬಿ ಬಣ್ಣದ ಛತ್ರಿಗಳನ್ನು ತೂಗುಹಾಕಿದ್ದರು. ಅದೆಲ್ಲ ಫೋಟೋದವರಿಗೆ. 1747ರ ಗಲಿಮಾರ್, 1849ರ ಮೊಲಿನಾರ್, 1926ರ ಫ್ರಾಗೊನಾರ್ ಹೀಗೆ ಹೆಸರಾಂತ ಪರಿಮಳದ ಮನೆಗಳು ಒಂದೇ ಊರಲ್ಲಿವೆ. ಫ್ರಾಗೊನಾರಿನ ಹಳೇ ಕಾರ್ಖಾನೆಯನ್ನು ಬಿಟ್ಟಿಯಾಗಿ ತೋರಿಸುತ್ತಾರೆ. ಕೊನೆಯ ಬಾಗಿಲು ಅಂಗಡಿಯೊಳಕ್ಕೇ ತೆರೆಯುತ್ತದೆ, ಬಿಟ್ಟಿಯ ಗುಟ್ಟು ಅಲ್ಲಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸುಗಂಧದ ವಸ್ತುಸಂಗ್ರಹಾಲಯ. ಅಲ್ಲಿ ಮರದ ಚೌಕಟ್ಟಿನ ಗಾಜಿನ ಹಲಗೆಗಳಿದ್ದವು, ಸ್ಲೇಟಿನ ಹಾಗೆ. ಹಂದಿಯ ಮತ್ತು ದನದ ಕೊಬ್ಬನ್ನು ಶುದ್ಧಮಾಡಿ ಗಾಜಿಗೆ ಸವರಿ, ಅದರ ಮೇಲೆ ಜಾಜಿಹೂವನ್ನು ಒಂದೊಂದಾಗಿ ಮಗುಚಿಡುತ್ತಿದ್ದರಂತೆ. ಕಿತ್ತ ಮೇಲೂ ಜಾಜಿ ಘಮ ಬಿಡುತ್ತಲೇ ಇರುತ್ತದೆ, ಕೊಬ್ಬು ಅದನ್ನು ಹೀರುತ್ತದೆ. ಮರುದಿನ ಬಾಡಿದ್ದನ್ನು ಕಿತ್ತು ಹೊಸ ಹೂವು. ಹೀಗೆ ವಾರಗಟ್ಟಲೆ ಮಾಡಿ, ಕೊಬ್ಬು ಇನ್ನು ಸಾಕೆನ್ನುವಷ್ಟು ಕುಡಿದ ಮೇಲೆ ಅದನ್ನು ಮದ್ಯಸಾರದಲ್ಲಿ ತೊಳೆದು ಪರಿಮಳ ಬಿಡಿಸುವುದು. ಬಿಸಿ ತಾಗಿದರೆ ಕೆಡುವ ಹೂವಿಗೆ ಆಗ ಇದೇ ದಾರಿ. ನಮ್ಮಜ್ಜಿಗೆ ಇದು ಗೊತ್ತಾಗಿದ್ದರೆ ಫಾರಿನ್ ಸೆಂಟಿನ ಶೀಶೆಯನ್ನು ಮನೆ ಹೊಸ್ತಿಲು ದಾಟಿಸುತ್ತಿರಲಿಲ್ಲ.

ನಾನು ಹೆಚ್ಚು ಹೊತ್ತು ನಿಂತದ್ದು ಹೂ ಬಿಡಿಸುವ ಹೆಂಗಸರ ಹಳೇ ಫೋಟೋಗಳ ಮುಂದೆ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಬೆಳಕು ಹರಿಯುವ ಹೊತ್ತಿಗೆ ತೋಟಕ್ಕಿಳಿದು, ಬಿಸಿಲೇರುವ ಮುಂಚೆ ಮುಗಿಸಬೇಕು. ಇಟಲಿಯ ಗಡಿ ದಾಟಿ ಕೂಲಿಗೆ ಬಂದವರು ಅವರಲ್ಲಿ ಬಹಳ. ಒಂದು ಕಿಲೋ ಜಾಜಿಗೆ ಸುಮಾರು ಎಂಟು ಸಾವಿರ ಹೂವು ಬೇಕು, ಸುಮಾರು ಏಳುನೂರು ಕಿಲೋ ಹೂವಿಗೆ ಒಂದು ಕಿಲೋ ಅಪ್ಪಟ ಸಾರ. ನಮ್ಮಲ್ಲಿ ಕೊನೆಗಾಲಕ್ಕೆ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದ ಚಿನ್ನ ಮೂರು ಗ್ರಾಮಿನ ಆಸುಪಾಸು. ಅಪ್ಪನಿದ್ದಿದ್ದರೆ ಆ ಫೋಟೋದ ಹೆಂಗಸರ ಹಾಜರಿ ಪುಸ್ತಕ ಎಲ್ಲಿ ಎಂದು ಕೇಳುತ್ತಿದ್ದರು.

ಮಧ್ಯಾಹ್ನ ಮಗಳು ಒಂದು ಸಣ್ಣ ಕಮ್ಮಟಕ್ಕೆ ಮೊದಲೇ ಹೆಸರು ಬರೆಸಿದ್ದಳು. ನಮಗೆ ಬೇಕಾದ ಪರಿಮಳ ನಾವೇ ಬೆರೆಸಬಹುದು. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಶೀಶೆಗಳ ನಡುವೆ ಕೂರಿಸಿ, ಕಾಗದದ ಕಡ್ಡಿ ಅದ್ದಿ ಅದ್ದಿ ಮೂಗಿಗೆ ಹಿಡಿಯುತ್ತಿದ್ದರು. ಬೆರ್ಗಮಾಟ್, ಲ್ಯಾವೆಂಡರ್, ಮೇ ಗುಲಾಬಿ. ನಾಲ್ಕಾರು ಕಡ್ಡಿಗೆ ಮೂಗು ಮಂಕಾಯಿತು. ಆಮೇಲೊಂದು ಕಡ್ಡಿ ಬಂತು. ಮಾಗಿದ ಹಣ್ಣಿನ ಸಿಹಿ, ಅದರಡಿಯಲ್ಲಿ ಗಿಡಮೂಲಿಕೆಯ ಒಗರು. "ಇದು ದವನ ಕಣೇ!" ಎಂದೆ, ಗಟ್ಟಿಯಾಗಿಯೇ. ಹೇಳಿಕೊಡುತ್ತಿದ್ದ ಹೆಣ್ಣುಮಗಳು ಶೀಶೆ ತಿರುಗಿಸಿ ತೋರಿಸಿದಳು. ಅದರ ಮೇಲೆ ಬರೆದಿದ್ದದ್ದೂ ದವನ ಎಂದೇ. ನನ್ನ ಉಚ್ಚಾರಣೆ ಮಾತ್ರ ಅವಳದಕ್ಕಿಂತ ಚೆನ್ನಾಗಿತ್ತು.

ಜಗತ್ತಿನ ಸುಗಂಧದವರು ಕೊಳ್ಳುವ ದವನದೆಣ್ಣೆ ಹೋಗುವುದು ನಮ್ಮ ದಕ್ಷಿಣದ ಹೊಲಗಳಿಂದಲೇ. ಕರ್ನಾಟಕ, ಆಂಧ್ರ, ತಮಿಳುನಾಡು ಮೂರೂ ಸೇರುವ ನಮ್ಮ ಕೆಮ್ಮಣ್ಣು ಅದಕ್ಕೆ ಒಗ್ಗಿದ ನೆಲ. ಚಳಿಗಾಲ ಮುಗಿಯುವ ಹೊತ್ತಿಗೆ ಹೂಬಿಟ್ಟ ಗಿಡವನ್ನು ಕೊಯ್ದು, ಬಾಡಿಸಿ, ಹಬೆಯಲ್ಲಿ ಎಣ್ಣೆ ಇಳಿಸುತ್ತಾರೆ. ಒಬ್ಬೊಬ್ಬರ ಮೈಗೆ ಒಂದೊಂದು ತರ ಘಮಿಸುತ್ತದೆ ಎಂಬುದು ಅದರ ಹೆಚ್ಚುಗಾರಿಕೆಯಂತೆ. ಮಗಳು ತನ್ನ ಮಣಿಕಟ್ಟಿಗೂ ನನ್ನದಕ್ಕೂ ಹಚ್ಚಿ ನೋಡಿದಳು. ಇಬ್ಬರದೂ ಬೇರೆ ಬೇರೆ ಎಂದು ಅವಳು ಸಾಧಿಸಿದಳು. ನನ್ನ ಮೂಗಿಗೆ ಎರಡೂ ಅಮ್ಮನ ಟ್ರಂಕು.

ಹಾಗೆ ನೋಡಿದರೆ ಈ ವಿದ್ಯೆಯಲ್ಲಿ ನಾವು ಹೊಸಬರಲ್ಲ. ಗ್ರಾಸಿನವರು ಕೈಗವಸಿಗೆ ಹೂವು ಹತ್ತಿಸುವ ಎಷ್ಟೋ ಮೊದಲು, 1025ರ ಸುಮಾರಿಗೆ, ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ 'ಲೋಕೋಪಕಾರ' ಬರೆದ. ಬಾವಿ ತೋಡುವುದು, ಗಿಡ ಸಾಕುವುದು, ಅಡುಗೆ, ವಿಷವೈದ್ಯಗಳ ಜೊತೆಗೆ ಪರಿಮಳದ ಬೆರಕೆಗಳಿಗೂ ಅದರಲ್ಲೊಂದು ಅಧ್ಯಾಯವಿದೆ. ಮರುಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಲೇಪನ, ಧೂಪಗಳನ್ನು ರಾಜಭೋಗಗಳಲ್ಲಿ ಎಣಿಸಿದ. ಇದನ್ನೆಲ್ಲ ಮಗಳಿಗೆ ಹೇಳಿದೆ. "ಸರಿ ಮಿಸ್" ಎಂದಳು.

ಗಂಧದ ಶೀಶೆಯ ಹತ್ತಿರ ಬಂದಾಗ ಮಾತ್ರ ನನ್ನ ಹೆಮ್ಮೆ ಇಳಿಯಿತು. ಸುಗಂಧದ ಲೋಕದಲ್ಲಿ ಶ್ರೀಗಂಧಕ್ಕೆ ಇವತ್ತಿಗೂ ಅಳತೆಗೋಲು ಮೈಸೂರು. ಆದರೆ ಇವತ್ತು ಮಾರುಕಟ್ಟೆಗೆ ಬರುವ ಎಣ್ಣೆಯಲ್ಲಿ ಬಹುಪಾಲು ಆಸ್ಟ್ರೇಲಿಯಾದ್ದು. ನಮ್ಮದೇ ಜಾತಿಯ ಮರವನ್ನು ಒಯ್ದು ಅಲ್ಲಿ ತೋಪು ತೋಪಾಗಿ ಬೆಳೆಸಿದ್ದಾರೆ. ನಮ್ಮಲ್ಲಿ ಟಿಪ್ಪು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದ. ಆಮೇಲೆ ಬಂದ ಅರಸರೂ ಸರ್ಕಾರಗಳೂ ಹಿಡಿತ ಬಿಡಲಿಲ್ಲ. ತನ್ನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಸಸಿ ಸರ್ಕಾರದ ಸ್ವತ್ತು ಎಂದ ಮೇಲೆ ಯಾವ ರೈತ ಅದಕ್ಕೆ ನೀರು ಹಾಕುತ್ತಾನೆ? ಚೇಗು ಬಲಿಯಲು ಮೂವತ್ತು ವರ್ಷ ಬೇಕಾದ ಮರವದು. ಒಂದು ಕಡೆ ಸ್ಪೈಕ್ ರೋಗ, ಇನ್ನೊಂದು ಕಡೆ ಕಳ್ಳರು. 2001ರಲ್ಲಿ ಕಾಯ್ದೆ ತಿದ್ದಿ, ಬೆಳೆದವನಿಗೇ ಮರ ಎಂದರು. ಇನ್ನೂರು ವರ್ಷ ತಡವಾಗಿ ಬಂದ ಬುದ್ಧಿ ಎನ್ನುವುದು ನನ್ನ ಅಭಿಪ್ರಾಯ.

ಸಂಜೆ ಆಂಟೀಬ್‌ಗೆ ವಾಪಸಾಗಿ ಬಂದರಿಗೆ ನಡೆದೆವು. ಗ್ರೀಕರು ಆಂಟಿಪೊಲಿಸ್ ಎಂದು ಕಟ್ಟಿದ ಊರಿದು. ಒಂದು ಕಡೆ ಗುಡ್ಡದ ಮೇಲೆ ನಕ್ಷತ್ರದಾಕಾರದ ಫೋರ್ ಕಾರೆ ಕೋಟೆ, ಇನ್ನೊಂದು ಕಡೆ ಸಮುದ್ರಕ್ಕೆ ಮುಖಮಾಡಿದ ಗ್ರಿಮಾಲ್ದಿ ಅರಮನೆ. 1946ರಲ್ಲಿ ಪಿಕಾಸೊ ಅಲ್ಲಿ ಕೂತು ಚಿತ್ರ ಬರೆದ, ಈಗ ಅದು ಅವನದೇ ಮ್ಯೂಸಿಯಂ. ಇವೆರಡರ ನಡುವೆ ವೋಬಾನ್ ಬಂದರು, ಅದರ ಹೊರ ಅಂಚಿನ ಕಟ್ಟೆಗೆ ಜನ ಇಟ್ಟ ಹೆಸರು ಕೋಟ್ಯಧೀಶರ ಕಟ್ಟೆ. ಅಲ್ಲಿ ಲಂಗರು ಹಾಕಿದ ಬಿಳಿ ಹಡಗುಗಳಲ್ಲಿ ಕೆಲಸದವರು ಹಿತ್ತಾಳೆ ಉಜ್ಜುತ್ತಿದ್ದರೇ ಹೊರತು ಒಡೆಯರೊಬ್ಬರೂ ಕಾಣಲಿಲ್ಲ. ಆ ಹಡಗುಗಳಿಗಿಂತ ನನಗೆ ಹತ್ತಿರವೆನಿಸಿದ್ದು ಬಂದರಿನ ಪಕ್ಕದ ಬೀದಿ. ಕಾದಂಬರಿಕಾರ ಗ್ರಹಾಂ ಗ್ರೀನ್ 1966ರಿಂದ ಬಹಳ ವರ್ಷ ಇದ್ದದ್ದು ಆ ಭಾಗದಲ್ಲಿ. ನಮ್ಮ ಮೈಸೂರಿನ ಆರ್. ಕೆ. ನಾರಾಯಣರ ಹಸ್ತಪ್ರತಿ ಓದಿ ಮೆಚ್ಚಿ, 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾಗುವಂತೆ ಮಾಡಿದ ಪುಣ್ಯಾತ್ಮ ಅವರು.

ಈ ಸಮುದ್ರಕ್ಕೂ ನಮಗೂ ಕೊಡುಕೊಳ್ಳುವಿಕೆ ಹಳೆಯದು. ಭಾರತದ ಸರಕಿಗಾಗಿ ರೋಮಿನ ಹಣವೆಲ್ಲ ಸೋರಿಹೋಗುತ್ತಿದೆ ಎಂದು ಮೊದಲನೇ ಶತಮಾನದಲ್ಲೇ ಪ್ಲಿನಿ ಗೊಣಗಿದ್ದಾನೆ. ಹಾಗೆ ಸೋರಿದ ಹಣ ಚಂದ್ರವಳ್ಳಿಯ ಉತ್ಖನನದಲ್ಲಿ ಸಿಕ್ಕಿತು, ಯಶವಂತಪುರದಲ್ಲೂ ಸಿಕ್ಕಿತು.

ಕಟ್ಟೆಯ ಮೇಲೆ ಮಗಳ ಸಹೋದ್ಯೋಗಿಯೊಬ್ಬ ಎದುರಾದ, ಹೈದರಾಬಾದಿನ ಹುಡುಗ. ನಮ್ಮೂರು ಕೇಳಿದವನೇ "ಸಿನಿಮಾದ ಕೆಜಿಎಫ್?" ಎಂದು ಕಣ್ಣರಳಿಸಿದ. ಸಿನಿಮಾ ಬಂದು ಆರು ತಿಂಗಳೂ ಆಗಿರಲಿಲ್ಲ. ಅದರಲ್ಲಿ ತೋರಿಸಿದ ಹಾಗೆ ಚಾಟಿಯವರು ಇರಲಿಲ್ಲಪ್ಪ, ಹಾಜರಿ ಪುಸ್ತಕ ಇತ್ತು ಎಂದೆ. ಸುಮಾರು 120 ವರ್ಷದಲ್ಲಿ ಎಂಟುನೂರು ಟನ್‌ಗೂ ಹೆಚ್ಚು ಚಿನ್ನ ಹೊರಟ ಜಾಗ, 1965ರಲ್ಲಿ ವಾತಾವರಣದ ನ್ಯೂಟ್ರಿನೊ ಎಂಬ ಕಣವನ್ನು ಪತ್ತೆಹಚ್ಚಿದ ಮೊದಲಿಗರಲ್ಲಿ ಒಂದು ತಂಡ ಕೆಲಸ ಮಾಡಿದ್ದು ಅಲ್ಲಿನ ಆಳದಲ್ಲಿ ಎಂದೂ ಸೇರಿಸಿದೆ. ಹುಡುಗ ತಲೆಯಾಡಿಸಿದ. ಹೀರೋ ಹೆಸರು ಬರದ ಕತೆಯಲ್ಲಿ ಅವನಿಗೆ ರುಚಿ ಇರಲಿಲ್ಲ.

ಗ್ರಾಸಿನ ಹೂದೋಟಗಳೂ ಹೆಚ್ಚು ಉಳಿದಿಲ್ಲ ಎನ್ನುವುದನ್ನು ಹೇಳಬೇಕು. ಸಮುದ್ರದ ಗಾಳಿ ಬಯಸಿದ ಶ್ರೀಮಂತರ ಬಂಗಲೆಗಳು ಹೆಚ್ಚುಪಾಲು ನುಂಗಿದವು. ದೊಡ್ಡ ಕಂಪನಿಗಳೊಂದಿಗೆ ಒಪ್ಪಂದವಿರುವ ಕೆಲವು ತೋಟ ಬಿಟ್ಟರೆ ಜಾಜಿ ಬರುವುದು ಈಜಿಪ್ಟಿನಿಂದ, ತಮಿಳುನಾಡಿನಿಂದ. ಹೂವು ಹೋದರೂ ಅವರು ಕೈಕೆಲಸವನ್ನು ಬಿಡಲಿಲ್ಲ. ಗಿಡ ಬೆಳೆಸುವವನು, ಸಾರ ತೆಗೆಯುವವನು, ಬೆರೆಸುವವನು, ಮೂವರ ಜ್ಞಾನವನ್ನೂ ಒಂದು ಪರಂಪರೆಯೆಂದು ಬರೆದು ಮಂಡಿಸಿ, 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದರು. ನಮ್ಮಲ್ಲಿ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕತ್ತಲಲ್ಲಿ ಬಂಡೆಯನ್ನು ತಟ್ಟಿ, ಸದ್ದಿನಿಂದಲೇ ಅದು ನಿಲ್ಲುತ್ತದೋ ಬೀಳುತ್ತದೋ ಹೇಳಬಲ್ಲವರು ಮನೆಯಲ್ಲಿ ಕೂತರು. ಅವರ ಮಕ್ಕಳು ನಸುಕಿನ ಗಾಡಿಗೆ ಬೆಂಗಳೂರಿನ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. ಚಿನ್ನ ಮುಗಿದದ್ದಕ್ಕೆ ಯಾರನ್ನೂ ದೂರಲಾಗದು. ಆ ಕಿವಿಗಳನ್ನು ಯಾರೂ ಕೂತು ಕೇಳಿ ಬರೆದುಕೊಳ್ಳದೆ ಹೋದದ್ದಕ್ಕೆ ನಾವೆಲ್ಲರೂ ಹೊಣೆ, ಸಮಾಜದ ಮೇಡಂ ಆಗಿದ್ದ ನಾನೂ ಸೇರಿ.

ಆದ್ದರಿಂದ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ಇದನ್ನು ಓದುವವರಲ್ಲಿ ಒಂದು ಕೋರಿಕೆ. ಮನೆಯ ಅಟ್ಟದಲ್ಲಿ ತಾತನ ಗಣಿಯ ಬಿಲ್ಲೆ, ದೀಪ, ತಲೆಯ ಟೊಪ್ಪಿ, ಸಂಬಳದ ಚೀಟಿ ಇದ್ದರೆ ಗುಜರಿಗೆ ಹಾಕಬೇಡಿ. ಅದು ಯಾರದು, ಯಾವ ಶಾಫ್ಟಿನದು, ಯಾವ ವರ್ಷದ್ದು ಎಂದು ಒಂದು ಚೀಟಿಯಲ್ಲಿ ಬರೆದು ಅದಕ್ಕೇ ಕಟ್ಟಿಡಿ. ಇಳಿದು ಬಂದವರು ಇನ್ನೂ ಮನೆಯಲ್ಲಿದ್ದರೆ, ಫೋನಿನ ರೆಕಾರ್ಡರ್ ಒತ್ತಿ ಅವರ ಪಕ್ಕದಲ್ಲಿಟ್ಟು ಮಾತಾಡಿಸಿ. ತಮಿಳಾಗಲಿ, ತೆಲುಗಾಗಲಿ, ಕನ್ನಡವಾಗಲಿ, ಅವರ ಮಾತಲ್ಲೇ ಇರಲಿ.